ಲ್ಹಾಸಾ ದಾರಿಯಲ್ಲಿ ಕೈಲಾಸ: ಮಠ ನೋಡುತ್ತಾ, ಮೈ ಒಗ್ಗಿಸಿಕೊಳ್ಳುತ್ತಾ

ಕೈಲಾಸಕ್ಕೆ ಹೊರಡುವವರು ಬರೆದು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಕಡಿಮೆ ಅಂದ್ರೆ ಎಷ್ಟು ದಿನದಲ್ಲಿ ಮುಗಿಸಬಹುದು?" ಅದರ ಬೆನ್ನಿಗೇ ಇನ್ನೊಂದು: "ಲ್ಹಾಸಾ ಮೇಲೆ ಹೋದ್ರೆ ನಾಲ್ಕೈದು ದಿನ ಹೆಚ್ಚಾಗತ್ತೆ, ದುಡ್ಡೂ ಹೆಚ್ಚು. ಅಷ್ಟೆಲ್ಲ ಬೇಕಾ?"

ಬೇಕು. ಕೈಲಾಸದಲ್ಲಿ ಜನ ಸೋಲುವುದು ಕಾಲಿನಿಂದಲ್ಲ, ಉಸಿರಿನಿಂದ. ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಮೇಲಿರುವ ಕಠ್ಮಂಡುವಿನಿಂದ ಎರಡು ಮೂರು ದಿನಕ್ಕೆಲ್ಲ 4,500 ಮೀಟರ್‌ಗೆ ಒಯ್ದು ಮಲಗಿಸುವ ಪ್ಯಾಕೇಜುಗಳಿವೆ. ದೇಹ ಅದಕ್ಕೆ ಒಪ್ಪುವುದಿಲ್ಲ. ಲ್ಹಾಸಾ ದಾರಿಯಲ್ಲಿ ನೀವು ಮಠ, ಅರಮನೆ, ಸ್ತೂಪ ಎಂದು ಸುತ್ತಾಡುವ ಒಂದು ವಾರದಲ್ಲಿ ರಕ್ತ ಮೆಲ್ಲಗೆ ತೆಳುಗಾಳಿಗೆ ಹೊಂದಿಕೊಳ್ಳುತ್ತದೆ. ಇನ್ನೊಂದು ಲಾಭವೂ ಇದೆ. ನಮಗೆ ಶಿವನ ನೆಲೆಯಾದ, ಜೈನರಿಗೆ ಆದಿನಾಥ ಮುಕ್ತಿ ಪಡೆದ ಅಷ್ಟಾಪದವಾದ ಈ ಬೆಟ್ಟವನ್ನು ಟಿಬೆಟನ್ನರು ಕಾಂಗ್ ರಿಂಪೋಚೆ ಎಂದು ಕರೆಯುತ್ತಾರೆ. ಅವರ ಪಾಲಿಗೆ ಅದು ದೆಮ್‌ಚೋಕ್ ಎಂಬ ದೇವತೆಯ ಮಂಡಲ. ಅವರ ಮಠಗಳನ್ನು ನೋಡಿ ಹೋದವರಿಗೆ ಪಕ್ಕದಲ್ಲಿ ಅಡ್ಡಬಿದ್ದು ಸಾಗುವ ಯಾತ್ರಿಕ ಏನು ಮಾಡುತ್ತಿದ್ದಾನೆಂಬುದು ಅರ್ಥವಾಗುತ್ತದೆ.

ಭಾರತ ಸರ್ಕಾರದ ವಿದೇಶಾಂಗ ಸಚಿವಾಲಯ ನಡೆಸುವ ಯಾತ್ರೆಯೇ ಬೇರೆ. ಐದು ವರ್ಷ ನಿಂತಿದ್ದ ಅದು 2025ರಲ್ಲಿ ಮತ್ತೆ ಶುರುವಾಯಿತು. ಉತ್ತರಾಖಂಡದ ಲಿಪುಲೇಖ್ ಅಥವಾ ಸಿಕ್ಕಿಂನ ನಾಥು ಲಾ ಮೂಲಕ ಹೋಗುತ್ತದೆ, ಲ್ಹಾಸಾ ಮುಟ್ಟುವುದಿಲ್ಲ. 18ರಿಂದ 70 ವರ್ಷದವರಿಗೆ ಅವಕಾಶ, ಚೀಟಿ ಎತ್ತಿ ಆಯ್ಕೆ. ನಾನು ಇಲ್ಲಿ ಹೇಳುವುದು ಖಾಸಗಿ ಏಜೆನ್ಸಿ ಮೂಲಕ, ಕಠ್ಮಂಡುವಿನಿಂದ ಲ್ಹಾಸಾಕ್ಕೆ ಹಾರಿ, ಅಲ್ಲಿಂದ ರಸ್ತೆಯಲ್ಲಿ ಕೈಲಾಸ ಸೇರಿ, ಕೆರುಂಗ್ ಗಡಿಯಲ್ಲಿ ನೇಪಾಳಕ್ಕಿಳಿಯುವ ಸುಮಾರು 16 ದಿನಗಳ ದಾರಿ.

1. ಕಾಗದಪತ್ರ

ಟಿಬೆಟ್‌ಗೆ ವಿದೇಶಿಯರು ಒಬ್ಬೊಬ್ಬರೇ ಹೋಗುವಂತಿಲ್ಲ. ನೋಂದಾಯಿತ ಏಜೆನ್ಸಿ, ಗೈಡ್, ಗೊತ್ತುಮಾಡಿದ ವಾಹನ ಕಡ್ಡಾಯ. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳ ಅವಧಿ ಇರಲಿ. ಬೇಕಾಗುವ ಪತ್ರಗಳು ಹಲವು: ಚೀನಾದ ಗ್ರೂಪ್ ವೀಸಾ, ಟಿಬೆಟ್ ಪ್ರವಾಸಿ ಪರವಾನಗಿ, ಲ್ಹಾಸಾ ಆಚೆಗೆ ಹೋಗಲು ಪೊಲೀಸರ ಪರವಾನಗಿ, ಕೈಲಾಸ ಇರುವ ಙಾರಿ ಪ್ರಾಂತ್ಯ ಗಡಿನಾಡಾದ್ದರಿಂದ ಸೇನೆಯ ಪರವಾನಗಿ. ಎಲ್ಲವನ್ನೂ ಏಜೆನ್ಸಿಯೇ ಮಾಡಿಸುತ್ತದೆ. ಆದರೆ ಕಠ್ಮಂಡುವಿನಲ್ಲಿ ವೀಸಾಕ್ಕೆ ಪಾಸ್‌ಪೋರ್ಟ್ ಕೊಟ್ಟು ಕೆಲವು ದಿನ ಕಾಯಬೇಕಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಬೆಂಗಳೂರಿನ ಟಿಕೆಟ್ ತೆಗೆಯಿರಿ.

ಎಡವುವ ಜಾಗಗಳು ಇವು:

ಗ್ರೂಪ್ ವೀಸಾ ಪಾಸ್‌ಪೋರ್ಟ್ ಮೇಲೆ ಅಂಟಿಸುವುದಲ್ಲ. ಇಡೀ ಗುಂಪಿನ ಹೆಸರಿರುವ ಒಂದು ಹಾಳೆ. ಹೋಗುವಾಗ ಒಟ್ಟಿಗೆ ಹೋಗಬೇಕು, ಬರುವಾಗಲೂ ಒಟ್ಟಿಗೆ. ನಡುವೆ ಒಬ್ಬರಿಗೆ ಹುಷಾರು ತಪ್ಪಿ ವಾಪಸಾಗಬೇಕಾದರೆ ಆ ಹಾಳೆಯಿಂದ ಅವರ ಹೆಸರು ಬೇರ್ಪಡಿಸಬೇಕು. ಅದಕ್ಕೆ ಏನು ವ್ಯವಸ್ಥೆ, ಖರ್ಚು ಯಾರದು ಎಂದು ಮುಂಗಡ ಕಟ್ಟುವ ಮೊದಲೇ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ.

ನಿಮ್ಮ ಪಾಸ್‌ಪೋರ್ಟ್‌ನಲ್ಲಿ ಚೀನಾದ ಬಿಸಿನೆಸ್ ವೀಸಾ ಮೊದಲೇ ಇದ್ದರೆ, ಕಠ್ಮಂಡುವಿನಲ್ಲಿ ಗ್ರೂಪ್ ವೀಸಾ ಕೊಡುವಾಗ ಅದು ರದ್ದಾಗುತ್ತದೆ. ಕೆಲಸದ ಮೇಲೆ ಆಗಾಗ ಚೀನಾಕ್ಕೆ ಹೋಗುವವರು ಇದನ್ನು ಮರೆಯಬೇಡಿ.

ಅಪ್ಪ ಅಮ್ಮನದು ಭಾರತದ ಪಾಸ್‌ಪೋರ್ಟ್, ಮಗನದು ಅಮೆರಿಕದ್ದು ಎಂದಾದರೆ ಒಂದೇ ಗುಂಪಿನಲ್ಲಿ ಸೇರಿಸಲು ಆಗುತ್ತದೆಯೇ ಎಂಬುದು ಏಜೆನ್ಸಿಗೆ ನೀವು ಕೇಳುವ ಮೊದಲ ಪ್ರಶ್ನೆಯಾಗಿರಲಿ.

ವಿಮೆ ಮಾಡಿಸುವಾಗ 5,000 ಮೀಟರ್‌ಗಿಂತ ಮೇಲಿನ ಚಾರಣಕ್ಕೂ ಅನ್ವಯಿಸುತ್ತದೆ ಎಂಬ ಸಾಲು ಪಾಲಿಸಿಯಲ್ಲಿ ಇದೆಯೇ ನೋಡಿ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಬಹಳಷ್ಟು ಅದಕ್ಕಿಂತ ಕೆಳಗೇ ನಿಂತುಬಿಡುತ್ತವೆ.

2. ಯಾವಾಗ ಹೋಗುವುದು

ಮೇ ಕೊನೆಯಿಂದ ಜೂನ್, ಆಮೇಲೆ ಸೆಪ್ಟೆಂಬರ್. ಟಿಬೆಟ್ ಒಳಗೆ ಜುಲೈ–ಆಗಸ್ಟ್ ಅಷ್ಟೇನೂ ಕೆಟ್ಟದಲ್ಲ, ಕೆಟ್ಟದ್ದು ನೇಪಾಳದ ಕಡೆಯ ರಸ್ತೆ. 2025ರ ಜುಲೈನಲ್ಲಿ ಕೆರುಂಗ್–ರಸುವಾಗಢಿ ಗಡಿಯ ಸೇತುವೆಯೇ ಪ್ರವಾಹದಲ್ಲಿ ಕೊಚ್ಚಿಹೋಯಿತು. ಫೆಬ್ರುವರಿ ಕೊನೆ ಮತ್ತು ಮಾರ್ಚ್‌ನಲ್ಲಿ ವಿದೇಶಿಯರಿಗೆ ಟಿಬೆಟ್ ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತದೆ.

ಟಿಬೆಟನ್ ಪಂಚಾಂಗದ ನಾಲ್ಕನೇ ತಿಂಗಳ ಹುಣ್ಣಿಮೆ ಸಾಗಾ ದಾವಾ. ಬುದ್ಧನ ಜ್ಞಾನೋದಯ, ಪರಿನಿರ್ವಾಣಗಳ ದಿನ. ಅಂದು ಕೈಲಾಸದ ಬುಡದ ತಾರ್‌ಬೋಚೆಯಲ್ಲಿ ದೊಡ್ಡ ಧ್ವಜಸ್ತಂಭವನ್ನು ಇಳಿಸಿ, ಹೊಸ ಪ್ರಾರ್ಥನಾ ಪತಾಕೆ ಕಟ್ಟಿ ಮತ್ತೆ ನಿಲ್ಲಿಸುತ್ತಾರೆ. ನೋಡಲು ಸೊಗಸು, ಉಳಿಯಲು ಜಾಗ ಸಿಗುವುದು ಕಷ್ಟ. ಇನ್ನೊಂದು ವಿಷಯ: 12 ವರ್ಷಕ್ಕೊಮ್ಮೆ ಬರುವ ಕುದುರೆ ವರ್ಷ 2026ರ ಫೆಬ್ರುವರಿಯಲ್ಲಿ ಶುರು. ಆ ವರ್ಷದ ಒಂದು ಪ್ರದಕ್ಷಿಣೆ 13ಕ್ಕೆ ಸಮ ಎಂಬುದು ಅವರ ನಂಬಿಕೆ. ಪುಣ್ಯದ ಜೊತೆ ನೂಕುನುಗ್ಗಲೂ 13 ಪಟ್ಟು ಎಂದುಕೊಂಡೇ ಹೊರಡಿ.

3. ಊರಲ್ಲೇ ಮಾಡುವ ತಯಾರಿ

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು, ಶಿವಗಂಗೆ, ಕುಮಾರಪರ್ವತ ಎಲ್ಲವೂ ಕಾಲಿಗೆ ಒಳ್ಳೆಯದೇ. ಮೂರು ತಿಂಗಳು ಮೊದಲೇ ಶುರು ಮಾಡಿ. ಹತ್ತುವುದಕ್ಕಿಂತ ಇಳಿಯುವುದನ್ನು ಹೆಚ್ಚು ಅಭ್ಯಾಸ ಮಾಡಿ, ಏಕೆಂದರೆ ಪರಿಕ್ರಮದ ಅತಿ ಎತ್ತರದ ಘಾಟಿಯಾದ ಡೋಲ್ಮಾ ಲಾ ಆಚೆಯ ಇಳಿಜಾರಿನಲ್ಲಿ ಮಂಡಿ ಮಾತಾಡುತ್ತದೆ. ಆದರೆ ಇದರಿಂದ ಎತ್ತರದ ಕಾಯಿಲೆ ಬರುವುದಿಲ್ಲ ಎಂದು ನಂಬಿಕೊಳ್ಳಬೇಡಿ. ಮ್ಯಾರಥಾನ್ ಓಡುವ ಹುಡುಗ ಲ್ಹಾಸಾದಲ್ಲೇ ಮಲಗಿ, ಅವನ ಅತ್ತೆ ಆರಾಮಾಗಿ ಪರಿಕ್ರಮ ಮುಗಿಸುವುದೂ ಉಂಟು.

ವೈದ್ಯರ ಹತ್ತಿರ ಹೋಗಿ. ಬಿಪಿ, ಸಕ್ಕರೆ, ಹೃದಯದ ತೊಂದರೆ ಇದ್ದರೆ ಮುಚ್ಚಿಡಬೇಡಿ. ಡಯಾಮಾಕ್ಸ್ ಎಂಬ ಮಾತ್ರೆಯನ್ನು ಎತ್ತರಕ್ಕೆ ಹೋಗುವ ಹಿಂದಿನ ದಿನದಿಂದ ತೆಗೆದುಕೊಳ್ಳಲು ಬಹಳ ವೈದ್ಯರು ಹೇಳುತ್ತಾರೆ. ಸಲ್ಫಾ ಔಷಧಿ ಆಗದವರು ಅದನ್ನು ಮೊದಲೇ ತಿಳಿಸಬೇಕು. ಮಾತ್ರೆ ತಗೊಂಡ ಮೇಲೆ ಬೆರಳ ತುದಿ ಜುಮ್ಮೆನ್ನುವುದು, ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕೆನಿಸುವುದು ಮಾಮೂಲು. ನಿದ್ದೆಮಾತ್ರೆ ಮಾತ್ರ ಬೇಡವೇ ಬೇಡ, ಅದು ಉಸಿರಾಟವನ್ನು ಇನ್ನಷ್ಟು ನಿಧಾನಗೊಳಿಸುತ್ತದೆ.

ಬಿಡುವಾದಾಗ ಬೈಲಕುಪ್ಪೆಗೆ ಒಂದು ಸಲ ಹೋಗಿಬನ್ನಿ. ಲ್ಹಾಸಾ ದಾರಿಯಲ್ಲಿ ನೀವು ನೋಡಲಿರುವ ದೊಡ್ಡ ಮಠಗಳಲ್ಲಿ ಹಲವಕ್ಕೆ ಕರ್ನಾಟಕದಲ್ಲೇ ಒಡಹುಟ್ಟುಗಳಿವೆ. ಟಿಬೆಟ್ ಬಿಟ್ಟು ಬಂದ ಭಿಕ್ಷುಗಳು ಸೆರಾ ಮತ್ತು ತಾಶಿಲ್ಹುನ್ಪೊ ಮಠಗಳನ್ನು ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳನ್ನು ಮುಂಡಗೋಡಿನಲ್ಲಿ ಮತ್ತೆ ಕಟ್ಟಿಕೊಂಡರು. ಗೊಂಪಾ, ಅಂದರೆ ಬೌದ್ಧ ಮಠದ ಒಳಗೆ ಹೇಗೆ ನಡೆಯಬೇಕು, ದೀಪಕ್ಕೆ ತುಪ್ಪ ಹೇಗೆ ಎರೆಯುತ್ತಾರೆ, ಖಾತಾ ಎಂಬ ಬಿಳಿ ವಸ್ತ್ರ ಹೇಗೆ ಅರ್ಪಿಸುತ್ತಾರೆ ಎಲ್ಲವನ್ನೂ ಇಲ್ಲೇ ಕಲಿಯಬಹುದು.

ಆದರೆ ಅಲ್ಲಿ ತೆಗೆದ ಫೋಟೊಗಳನ್ನು ಫೋನಿನಿಂದ ತೆಗೆದುಹಾಕಿಯೇ ಟಿಬೆಟ್‌ಗೆ ಹೊರಡಿ. ದಲಾಯಿ ಲಾಮಾ ಅವರ ಚಿತ್ರ, ಪುಸ್ತಕ, ಧ್ವಜ ಯಾವುದೂ ಬ್ಯಾಗಿನಲ್ಲಾಗಲಿ ಫೋನಿನಲ್ಲಾಗಲಿ ಇರಕೂಡದು, ಅಲ್ಲಿ ಅದು ನಿಷಿದ್ಧ. ಗೈಡ್ ಹತ್ತಿರ ರಾಜಕೀಯ ಕೆದಕಬೇಡಿ. ನೀವು ವಿಮಾನ ಹತ್ತಿ ಬಂದುಬಿಡುತ್ತೀರಿ, ಅವನು ಅಲ್ಲೇ ಬದುಕಬೇಕು.

4. ಚೀಲಕ್ಕೆ ಏನು

ಪಟ್ಟಿ ಏಜೆನ್ಸಿ ಕೊಡುತ್ತದೆ, ಅದರಲ್ಲಿ ಇಲ್ಲದ್ದನ್ನಷ್ಟೇ ಹೇಳುತ್ತೇನೆ. ಹೊಸ ಬೂಟು ತಗೊಂಡು ನೇರ ಅಲ್ಲಿಗೆ ಹೋಗಬೇಡಿ, ಊರಲ್ಲೇ ಒಂದು ತಿಂಗಳು ಹಾಕಿ ಪಳಗಿಸಿ. ಬಿಸಿಲು ಕನ್ನಡಕ ಒಳ್ಳೆಯದಿರಲಿ, ಹಿಮದ ಮೇಲಿನ ಬೆಳಕು ಕಣ್ಣು ಸುಡುತ್ತದೆ. ಕ್ಯಾಮೆರಾ, ಫೋನಿನ ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ, ರಾತ್ರಿ ಹೊದಿಕೆಯೊಳಗೆ ಇಟ್ಟುಕೊಳ್ಳಿ. ಗೂಗಲ್, ವಾಟ್ಸಾಪ್ ಚೀನಾದಲ್ಲಿ ನಿರ್ಬಂಧಿತ. ಮನೆಯವರಿಗೆ "ದಿನಾ ಫೋನ್ ಬರಲ್ಲ" ಎಂದು ಮೊದಲೇ ಹೇಳಿಟ್ಟರೆ ಎಲ್ಲರಿಗೂ ನೆಮ್ಮದಿ. ಯುವಾನ್ ನೋಟುಗಳಿರಲಿ, ಲ್ಹಾಸಾ ದಾಟಿದ ಮೇಲೆ ನಮ್ಮ ಕಾರ್ಡು ನಡೆಯುತ್ತದೆಂದು ನೆಚ್ಚಿಕೊಳ್ಳಬೇಡಿ.

ಊಟದ್ದು ದೊಡ್ಡ ವಿಷಯ. 4,600 ಮೀಟರ್ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಅನ್ನ ಎಷ್ಟು ಬೇಯಿಸಿದರೂ ನಡುವೆ ಗಟ್ಟಿ, ಬೇಳೆಯಂತೂ ಕೇಳಲೇಬೇಡಿ. ಕುಕ್ಕರ್ ಇರುವ ಅಡುಗೆಯವರನ್ನು ಕಳಿಸುತ್ತಾರಾ ಕೇಳಿ. ಅವಲಕ್ಕಿ, ಚಟ್ನಿಪುಡಿ, ಹುರಿಗಡಲೆ, ಕೊಬ್ಬರಿ ಮಿಠಾಯಿ ಒಯ್ದರೆ ಹಸಿವೆ ಸತ್ತಾಗ ಅವೇ ಕೈ ಹಿಡಿಯುವುದು. ಅಲ್ಲಿಯ ತ್ಸಾಂಪಾ ಎಂದರೆ ಬಾರ್ಲಿಯ ಹುರಿಹಿಟ್ಟು. ಬೆಣ್ಣೆ, ಉಪ್ಪು ಹಾಕಿದ ಚಹಾದಲ್ಲಿ ಬಟ್ಟಲಲ್ಲೇ ಕಲಸಿ ಉಂಡೆ ಕಟ್ಟಿ ತಿನ್ನುತ್ತಾರೆ. ರಾಗಿ ಹುರಿಹಿಟ್ಟು ತಿಂದು ಬೆಳೆದವರಿಗೆ ಹಿಡಿಸುತ್ತದೆ. ಆ ಚಹಾವನ್ನು ಮಾತ್ರ ಟೀ ಎಂದುಕೊಂಡು ಕುಡಿಯಬೇಡಿ, ಸಾರು ಎಂದುಕೊಂಡು ಕುಡಿಯಿರಿ.

5. ಲ್ಹಾಸಾ: ನಾಲ್ಕು ರಾತ್ರಿ, ಒಂದೂ ಕಡಿಮೆಯಿಲ್ಲ

ಲ್ಹಾಸಾ 3,650 ಮೀಟರ್. ಇಳಿದ ದಿನ ಏನೂ ಮಾಡಬೇಡಿ. ತಲೆಸ್ನಾನ ಬೇಡ, ಪೇಟೆ ಸುತ್ತಾಟ ಬೇಡ, ಸೂಟ್‌ಕೇಸ್ ಎತ್ತಿಕೊಂಡು ಮೆಟ್ಟಿಲು ಹತ್ತುವುದಂತೂ ಬೇಡ. ನೀರು ಕುಡಿಯುತ್ತಿರಿ. ಹಾಗೆಂದು ಹಗಲೆಲ್ಲ ನಿದ್ದೆ ಹೊಡೆದರೆ ರಾತ್ರಿ ತಲೆನೋವು ಜಾಸ್ತಿ.

ಎರಡನೇ ದಿನ ಜೋಖಾಂಗ್. ಏಳನೇ ಶತಮಾನದಲ್ಲಿ ಸೊಂಗ್‌ತ್ಸೆನ್ ಗಾಂಪೊ ದೊರೆಯ ಕಾಲಕ್ಕೆ ಕಟ್ಟಿದ ದೇಗುಲ. ಒಳಗಿನ ಜೋವೊ ಶಾಕ್ಯಮುನಿಯ ಮೂರ್ತಿ ಟಿಬೆಟನ್ನರಿಗೆ ಎಲ್ಲಕ್ಕಿಂತ ಪವಿತ್ರ. ಚೀನಾದಿಂದ ರಾಣಿಯಾಗಿ ಬಂದ ವೆನ್‌ಚೆಂಗ್ ಅದನ್ನು ತಂದಳೆಂದು ಹೇಳುತ್ತಾರೆ. ಗುಡಿಯ ಮುಂದಿನ ಚಪ್ಪಡಿಗಳನ್ನು ಬಗ್ಗಿ ನೋಡಿ: ಶತಮಾನಗಳಿಂದ ಸಾಷ್ಟಾಂಗ ಹಾಕಿದವರ ಅಂಗೈ, ಮಂಡಿ ಉಜ್ಜಿ ಕಲ್ಲು ನುಣುಪಾಗಿ ಹೊಳೆಯುತ್ತದೆ. ಈಗಲೂ ಅಂಗೈಗೆ ಹಲಗೆ ಕಟ್ಟಿಕೊಂಡ ಅಜ್ಜಿಯಂದಿರು ಅದರ ಮೇಲೆ ಸರ್ರನೆ ಜಾರಿ ಮಲಗಿ ಏಳುತ್ತಿರುತ್ತಾರೆ. ಸುತ್ತಲಿನ ಬಾರ್ಖೋರ್ ಬೀದಿಯೇ ಒಂದು ಪ್ರದಕ್ಷಿಣಾಪಥ. ಪ್ರದಕ್ಷಿಣೆಗೆ ಅವರು ಕೋರಾ ಎನ್ನುತ್ತಾರೆ, ನಮ್ಮಂತೆಯೇ ಬಲಕ್ಕೆ ಸುತ್ತು. ಜನರ ಎದುರಾಗಿ ಹೋಗಿ ಫೋಟೊ ತೆಗೆಯಲು ನಿಲ್ಲಬೇಡಿ.

ಮೂರನೇ ದಿನ ಡ್ರೆಪುಂಗ್ (1416) ಮತ್ತು ಸೆರಾ (1419). ಸೆರಾಕ್ಕೆ ಮಧ್ಯಾಹ್ನದ ಮೇಲೆ ಹೋಗಿ. ಅಂಗಳದಲ್ಲಿ ಭಿಕ್ಷುಗಳು ತರ್ಕ ಮಾಡುತ್ತಾರೆ. ಪ್ರಶ್ನೆ ಕೇಳುವವನು ನಿಂತು, ಮಾತು ಮುಗಿಸುವಾಗ ಕಾಲು ಅಪ್ಪಳಿಸಿ ಚಟ್ಟನೆ ಕೈ ತಟ್ಟುತ್ತಾನೆ. ಉತ್ತರಿಸುವವನು ಕೂತೇ ಇರುತ್ತಾನೆ. ಭಾಷೆ ಬಾರದಿದ್ದರೂ ಯಾರು ಸೋಲುತ್ತಿದ್ದಾರೆಂದು ಗೊತ್ತಾಗುತ್ತದೆ.

ಪೊಟಾಲಾ ಅರಮನೆ ನಾಲ್ಕನೇ ದಿನಕ್ಕಿರಲಿ. ಐದನೇ ದಲಾಯಿ ಲಾಮಾ 1645ರಲ್ಲಿ ಕಟ್ಟಿಸಲು ತೊಡಗಿದ 13 ಅಂತಸ್ತಿನ ಕಟ್ಟಡ. ಎಲ್ಲ ಮೆಟ್ಟಿಲೇ. ಕೆಲವು ಏಜೆನ್ಸಿಗಳು ಇದನ್ನು ಎರಡನೇ ದಿನಕ್ಕೆ ಹಾಕುತ್ತವೆ, ಒಪ್ಪಬೇಡಿ. ಟಿಕೆಟ್ ಮೇಲೆ ಹೊತ್ತು ನಮೂದಾಗಿರುತ್ತದೆ, ತಪ್ಪಿದರೆ ತಪ್ಪಿತು. ಅಸಲಿ ಪಾಸ್‌ಪೋರ್ಟ್ ಬೇಕು, ನೀರಿನ ಬಾಟಲಿ ಒಳಗೆ ಬಿಡುವುದಿಲ್ಲ, ಒಳಗೆ ಫೋಟೊ ಇಲ್ಲ, ಸುಮಾರು ಒಂದು ಗಂಟೆಯಲ್ಲಿ ಹೊರಬರಬೇಕು.

6. ರಸ್ತೆ: ಲ್ಹಾಸಾದಿಂದ ಮಾನಸ ಸರೋವರ

1,200 ಕಿಲೋಮೀಟರ್‌ಗೂ ಮಿಕ್ಕ ದಾರಿ. ಸುಂದರ, ಉದ್ದ, ಬೇಸರ ಮೂರೂ ಹೌದು. ವೈದ್ಯರ ಸೂತ್ರ ನೆನಪಿಡಿ: 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗುವ ಜಾಗ ನಿನ್ನೆಯದಕ್ಕಿಂತ 500 ಮೀಟರ್‌ಗಿಂತ ಹೆಚ್ಚು ಎತ್ತರವಿರಬಾರದು. ಹಗಲು ಎಷ್ಟು ಮೇಲೆ ಹೋಗಿ ಬಂದಿರೆಂಬುದಲ್ಲ, ರಾತ್ರಿ ಎಲ್ಲಿ ಮಲಗುತ್ತೀರೆಂಬುದು ಲೆಕ್ಕ.

ಮೊದಲ ರಾತ್ರಿ ಗ್ಯಾಂಟ್ಸೆ. ದಾರಿಯಲ್ಲಿ ನೀಲಿ ಯಾಮ್‌ಡ್ರೋಕ್ ಸರೋವರ, ಊರಲ್ಲಿ ಒಂಬತ್ತು ಅಂತಸ್ತಿನ ಕುಂಬುಮ್ ಸ್ತೂಪ. ಒಳಗೆ ಹೊಕ್ಕು ಒಂದೊಂದೇ ಕೋಣೆ ನೋಡುತ್ತಾ ಮೇಲೇರಬಹುದು, ಗೋಡೆ ತುಂಬ ಚಿತ್ರ. ಟಾರ್ಚ್ ಒಯ್ಯಿರಿ. ಎರಡನೇ ರಾತ್ರಿ ಶಿಗತ್ಸೆ. ದಲಾಯಿ ಲಾಮಾ ನಂತರದ ಸ್ಥಾನದ ಗುರುಗಳಾದ ಪಂಚೆನ್ ಲಾಮಾಗಳ ಪೀಠ ತಾಶಿಲ್ಹುನ್ಪೊ (1447) ಇರುವುದು ಇಲ್ಲಿಯೇ. ಅಲ್ಲಿನ ಮೈತ್ರೇಯ ಬುದ್ಧ 26 ಮೀಟರ್ ಎತ್ತರ. ಬುಡದಲ್ಲಿ ನಿಂತರೆ ಮುಖ ಕಾಣಲು ಕತ್ತು ನೋಯುತ್ತದೆ.

ತಪ್ಪು ನಡೆಯುವುದು ಇಲ್ಲಿಂದ ಮುಂದೆ. ಶಿಗತ್ಸೆ 3,840 ಮೀಟರ್, ಮುಂದಿನ ಸಾಗಾ ಸುಮಾರು 4,500. ದಿನ ಉಳಿಸಲು ಒಂದೇ ಓಟಕ್ಕೆ ಸಾಗಾ ಮುಟ್ಟಿಸುತ್ತಾರೆ. ನಡುವೆ ಲ್ಹಾತ್ಸೆಯಲ್ಲಿ ಒಂದು ರಾತ್ರಿ ಕೇಳಿ ಹಾಕಿಸಿಕೊಳ್ಳಿ. ಅದೇ ನೆಪದಲ್ಲಿ 1073ರಲ್ಲಿ ಸ್ಥಾಪನೆಯಾದ ಸಾಕ್ಯ ಮಠವನ್ನೂ ನೋಡಬಹುದು. ಅಲ್ಲಿ ನೆಲದಿಂದ ಛಾವಣಿವರೆಗೆ ಗೋಡೆಯುದ್ದಕ್ಕೂ ಪೇರಿಸಿಟ್ಟ ಹಸ್ತಪ್ರತಿಗಳಿವೆ.

ಸಾಗಾದಿಂದ ಮಾನಸ ಸರೋವರ, 4,590 ಮೀಟರ್. ಸರೋವರಕ್ಕಿಳಿದು ಮೀಯಲು ಇತ್ತೀಚೆಗೆ ಬಿಡುತ್ತಿಲ್ಲ. ಬಕೆಟ್ಟಿನಲ್ಲಿ ನೀರು ತಂದು ದೂರದಲ್ಲಿ ತಲೆಗೆ ಹಾಕಿಕೊಳ್ಳಬಹುದು, ಅದೂ ಬಿಸಿಲೇರಿದ ಮೇಲೆ. ಟಿಬೆಟನ್ನರು ಸಾಮಾನ್ಯವಾಗಿ ಇದರಲ್ಲಿ ಮೀಯುವುದಿಲ್ಲ, ತೀರ್ಥ ಕುಡಿದು ಸುತ್ತು ಬರುತ್ತಾರೆ. ದಡದ ಗುಡ್ಡದ ಮೇಲಿನ ಚಿಯು ಗೊಂಪಾದಿಂದ ಸರೋವರ, ಕೈಲಾಸ ಎರಡೂ ಕಾಣುತ್ತವೆ. ಇಲ್ಲಿ ಎರಡು ರಾತ್ರಿ, ಅಥವಾ ಇಲ್ಲೊಂದು ಬೆಟ್ಟದ ಬುಡದ ಡಾರ್ಚೆನ್‌ನಲ್ಲೊಂದು.

ಚೀನಾಕ್ಕೆಲ್ಲ ಒಂದೇ ಗಡಿಯಾರ, ನಮಗಿಂತ ಎರಡೂವರೆ ಗಂಟೆ ಮುಂದೆ. ಪಶ್ಚಿಮದ ಈ ಮೂಲೆಯಲ್ಲಿ ಸೆಪ್ಟೆಂಬರ್‌ನಲ್ಲಿ ಬೆಳಿಗ್ಗೆ 8ಕ್ಕೂ ಬೆಳಕು ಸರಿಯಾಗಿ ಹರಿದಿರುವುದಿಲ್ಲ. "7ಕ್ಕೆ ಹೊರಡೋಣ" ಎಂದರೆ ಕತ್ತಲಲ್ಲಿ ಎಂದೇ ಅರ್ಥ.

7. ಪರಿಕ್ರಮ: ಮೂರು ದಿನ, ಸುಮಾರು 52 ಕಿಲೋಮೀಟರ್

ಮೊದಲ ದಿನ ಸಲೀಸು. ಯಮದ್ವಾರದವರೆಗೆ ವಾಹನ, ಮುಂದೆ ಹೊಳೆಯ ಪಕ್ಕದಲ್ಲಿ ಮೆಲ್ಲನೆ ಏರುತ್ತಾ ದಿರಾಪುಕ್, ಸುಮಾರು 5,000 ಮೀಟರ್. ಕುದುರೆ, ಪೋರ್ಟರ್ ಬೇಕಾದರೆ ಹೊರಡುವಾಗಲೇ ಮೂರೂ ದಿನಕ್ಕೆ ಗೊತ್ತುಮಾಡಿ, ನಡುವೆ ಸಿಗುವುದಿಲ್ಲ. ಪ್ರತಿಯೊಬ್ಬರೂ ಪೋರ್ಟರ್ ಇಟ್ಟುಕೊಳ್ಳುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. ಎದುರಿನಿಂದ ಎಡಸುತ್ತು ಬರುವವರು ಕಂಡರೆ ದಾರಿ ತಪ್ಪಿದವರೆಂದುಕೊಳ್ಳಬೇಡಿ. ಅವರು ಬೌದ್ಧಕ್ಕಿಂತ ಹಳೆಯದೆನ್ನುವ ಬೋನ್ ಮತದವರು. ದಿರಾಪುಕ್‌ನಲ್ಲಿ ಕೈಲಾಸದ ಉತ್ತರಮುಖ ಎದುರಿಗೇ ನಿಲ್ಲುತ್ತದೆ.

ಇಡೀ ಯಾತ್ರೆಯ ದೊಡ್ಡ ತೀರ್ಮಾನ ಮಾಡುವುದು ಆ ಸಂಜೆ: ನಾಳೆ ಮುಂದೆ ಹೋಗುವುದೋ, ಹಿಂದಕ್ಕೋ? ದಿರಾಪುಕ್‌ವರೆಗೆ ಕಷ್ಟಕಾಲಕ್ಕೆ ವಾಹನ ಬರುತ್ತದೆ. ಘಾಟಿ ಹತ್ತತೊಡಗಿದ ಮೇಲೆ ಕಾಲೇ ಗತಿ, ಹೆಲಿಕಾಪ್ಟರ್ ಕರೆಸುವ ಮಾತಿಲ್ಲ. ಆಕ್ಸಿಮೀಟರ್ ಎಂಬ ಬೆರಳಿಗೆ ಸಿಕ್ಕಿಸುವ ಯಂತ್ರ ಇಲ್ಲಿ ರಕ್ತದ ಆಮ್ಲಜನಕ ಶೇಕಡ 80ರ ಆಸುಪಾಸು ತೋರಿಸಿದರೆ ಅದೊಂದಕ್ಕೇ ಗಾಬರಿ ಬೇಡ, ಲಕ್ಷಣ ನೋಡಿ. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಮಿದುಳಿಗೆ ಊತ ಬಂದಿದೆಯೇ ಎಂದು ತಿಳಿಯಲು ಸುಲಭ ಪರೀಕ್ಷೆ ಇದೆ: ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳ ತುದಿಗೆ ತಾಗಿಸುತ್ತಾ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಸಿ. ತೂರಾಡಿದರೆ, ಮಾತು ತೊದಲಿದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಕೆಳಗಿಳಿಸಿ. ಸಿಲಿಂಡರಿನ ಆಮ್ಲಜನಕ ಕೆಳಗಿಳಿಯುವವರೆಗಿನ ಆಸರೆಯಷ್ಟೇ. ರೋಗಿಯ ಮಾತು ನಂಬಬೇಡಿ, "ನಂಗೇನೂ ಆಗಿಲ್ಲ" ಎಂದೇ ಹೇಳುತ್ತಾರೆ.

ಎರಡನೇ ದಿನ ಸುಮಾರು 22 ಕಿಲೋಮೀಟರ್, 8ರಿಂದ 10 ಗಂಟೆ ನಡಿಗೆ. ಕತ್ತಲಿರುವಾಗಲೇ ಹೊರಡಬೇಕು, ಮಧ್ಯಾಹ್ನದ ಮೇಲೆ ಘಾಟಿಯಲ್ಲಿ ಹವೆ ಕೆಡುತ್ತದೆ. ದಾರಿಯಲ್ಲಿ ಶಿವತ್ಸಲ್ ಎಂಬಲ್ಲಿ ಯಾತ್ರಿಕರು ಹಳೆಯ ಜನ್ಮ ಕಳಚಿದ ಗುರುತಿಗೆ ಬಟ್ಟೆ, ಕೂದಲು ಬಿಟ್ಟುಹೋಗುತ್ತಾರೆ. ಜಾಕೆಟ್ ಬಿಸಾಡಿ ಕಸ ಮಾಡಬೇಡಿ, ಒಂದು ಕೂದಲೆಳೆ ಸಾಕು. ಆಮೇಲೆ 5,630 ಮೀಟರಿನ ಡೋಲ್ಮಾ ಲಾ, ಅಂದರೆ ತಾರಾದೇವಿಯ ಘಾಟಿ. ಗಾಳಿಯ ಒತ್ತಡ ನಮ್ಮ ಮಂಗಳೂರಿನದರ ಅರ್ಧದಷ್ಟು. ಇಪ್ಪತ್ತು ಹೆಜ್ಜೆ, ನಿಲ್ಲು, ಮತ್ತೆ ಇಪ್ಪತ್ತು. ಯಾರ ಜೊತೆಗೂ ಪೈಪೋಟಿ ಬೇಡ. ಪತಾಕೆ ಕಟ್ಟಿ ಹತ್ತು ಹದಿನೈದು ನಿಮಿಷದಲ್ಲಿ ಇಳಿಯಲು ಶುರು ಮಾಡಿ.

ಇಳಿಜಾರು ಕಡಿದು, ಕಲ್ಲುಗುಂಡಿನ ರಾಶಿ. ಕುದುರೆ ಮೇಲೆ ಕೂರಿಸುವುದಿಲ್ಲ, "ಕುದುರೆ ಇದೆಯಲ್ಲ" ಎಂದು ನಂಬಿ ಬಂದವರೂ ಇಲ್ಲಿ ನಡೆಯಲೇಬೇಕು. ಕೆಳಗೆ ಹಸಿರು ಬಣ್ಣದ ಗೌರಿಕುಂಡ ಕಾಣುತ್ತದೆ. ತೀರ್ಥಕ್ಕೆಂದು ನೀವೇ ಇಳಿಯಬೇಡಿ, ಜಾರುವ ಜಾಗ. ಪೋರ್ಟರ್ ಕೈಗೆ ಬಾಟಲಿ ಕೊಡಿ. ಸಂಜೆಗೆ ಜುತುಲ್‌ಪುಕ್, 4,800 ಮೀಟರ್. ಬೋನ್ ಗುರುವಿನೊಡನೆ ಪಂತ ಕಟ್ಟಿ ಗೆದ್ದ ಯೋಗಿ ಮಿಲರೇಪನ ಗುಹೆ ಅಲ್ಲಿದೆ. ಸುಸ್ತಾಗಿದ್ದರೂ ಒಳಹೊಕ್ಕು ಬನ್ನಿ, ಛಾವಣಿಯಲ್ಲಿ ಅವನ ಅಂಗೈ ಗುರುತು ತೋರಿಸುತ್ತಾರೆ.

ಮೂರನೇ ದಿನ ಮೂರು ನಾಲ್ಕು ಗಂಟೆ ನಡೆದರೆ ವಾಹನ ಕಾದಿರುತ್ತದೆ. "ಒಳ ಕೋರಾ ಮಾಡಿಸ್ತೀವಿ" ಎಂದು ಯಾರಾದರೂ ಆಸೆ ತೋರಿಸಿದರೆ ಬೇಡವೆನ್ನಿ. ಹೊರಗಿನ 13 ಸುತ್ತು ಮುಗಿಸಿದವರಿಗಷ್ಟೇ ಅದು ಎಂಬುದು ಸಂಪ್ರದಾಯ, ದಾರಿಯೂ ಅಪಾಯದ್ದು.

8. ವಾಪಸು

ಸಾಗಾದಲ್ಲಿ ಒಂದು ರಾತ್ರಿ, ಕೆರುಂಗ್‌ನಲ್ಲಿ ಒಂದು ರಾತ್ರಿ, ಮರುದಿನ ಕಠ್ಮಂಡು. ಕೆರುಂಗ್ 2,700 ಮೀಟರ್ ಅಷ್ಟೇ, ಗಿಡಮರ ಕಾಣುತ್ತವೆ, ನಿದ್ದೆ ಬರುತ್ತದೆ. ಗಡಿಯಿಂದಾಚೆ ನೇಪಾಳದ ರಸ್ತೆಯಲ್ಲಿ ಗುಡ್ಡ ಕುಸಿಯುವುದು ಹೊಸದಲ್ಲ. ಆದ್ದರಿಂದ ಕಠ್ಮಂಡುವಿನಿಂದ ಬೆಂಗಳೂರಿಗೆ ವಿಮಾನ ಕನಿಷ್ಠ ಎರಡು ದಿನ ಬಿಟ್ಟು ಇರಲಿ.

ಕೈಲಾಸ ಮಾನಸ ಸರೋವರ ಯಾತ್ರೆ ಮುಗಿಸಿದ ಕರ್ನಾಟಕದವರಿಗೆ ಮುಜರಾಯಿ ಇಲಾಖೆ 30,000 ರೂಪಾಯಿ ಸಹಾಯಧನ ಕೊಡುತ್ತ ಬಂದಿದೆ. ಖಾಸಗಿಯಾಗಿ ಹೋದವರ ಅರ್ಜಿಗೆ ಈ ಸಾಲಿನಲ್ಲಿ ಏನು ನಿಯಮ, ಯಾವ ದಾಖಲೆ ಬೇಕು ಎಂಬುದನ್ನು ಹೊರಡುವ ಮೊದಲೇ ಇಲಾಖೆಯಲ್ಲಿ ವಿಚಾರಿಸಿ. ಗ್ರೂಪ್ ವೀಸಾದ ಹಾಳೆ ಏಜೆನ್ಸಿಯ ಕೈಯಲ್ಲೇ ಉಳಿದುಹೋಗುತ್ತದೆ. ಅದರ, ಪರವಾನಗಿಗಳ ಮತ್ತು ಪಾಸ್‌ಪೋರ್ಟ್ ಮುದ್ರೆಗಳ ಫೋಟೊ ತೆಗೆದಿಟ್ಟುಕೊಳ್ಳಿ, ಬೋರ್ಡಿಂಗ್ ಪಾಸ್ ಎಸೆಯಬೇಡಿ.